ಇಸ್ತ್ರಿಯಕ್ಕನ ಮೂಗು

ಥೂ! ಆ ಮೂಟೆಯ ಮಾತೆತ್ತಿದರೆ ಈಗಲೂ ನನ್ನ ಕೈ ಮೂಗಿಗೆ ಹೋಗುತ್ತದೆ. ಆದರೆ ಇಸ್ತ್ರಿಯಕ್ಕನ ಕಥೆ ಹೇಳಬೇಕೆಂದರೆ ಆ ಮೂಟೆ ಬಿಚ್ಚದೆ ವಿಧಿಯಿಲ್ಲ.

ನಾವು ಕೆಲಸ ಮಾಡುವುದು ಕೌದಿ ಹೊಲಿಯುವ ಅಂಗಡಿಯಲ್ಲಿ. ಜನ ಹಳೆ ಬಟ್ಟೆ ತಂದು ಸುರಿಯುತ್ತಾರೆ, ನಾನು ಕತ್ತರಿಸುತ್ತೇನೆ, ನಾಲ್ಕು ಹೆಂಗಸರು ಹೊಲಿಯುತ್ತಾರೆ. ನನ್ನ ಕತ್ತರಿಗೆ ಬರುವ ಮುಂಚೆ ಬಟ್ಟೆ ಇಸ್ತ್ರಿಯಕ್ಕನ ಮೇಜಿಗೆ ಹೋಗಬೇಕು. ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಮುದುಡಿ ಬಿದ್ದ ಬಟ್ಟೆಯ ಸುಕ್ಕೆಂದರೆ ಹಠಮಾರಿ ಸುಕ್ಕು. ಅಕ್ಕ ಅದರ ಮೇಲೆ ವಿನೆಗರ್ ಬೆರೆಸಿದ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತುತ್ತಿದ್ದಳು. ಎತ್ತಿ, ಪಕ್ಕಕ್ಕಿಟ್ಟು, ಮತ್ತೆ ಒತ್ತುತ್ತಿದ್ದಳು. ಎಳೆಯುತ್ತಿರಲಿಲ್ಲ.

"ಎಳೆದ್ರೆ ಬಟ್ಟೆ ಸೊಟ್ಟ ಆಗುತ್ತೆ ಕಣೇ. ಆಮೇಲೆ ನಿನ್ನ ಕತ್ತರಿ ಅಪ್ಪನಾಣೆಗೂ ನೆಟ್ಟಗೆ ಹೋಗಲ್ಲ" ಎನ್ನುತ್ತಿದ್ದಳು. ಆರುವ ತನಕ ಬಟ್ಟೆಯನ್ನು ಮೇಜಿನಿಂದ ತೆಗೆಯಲೂ ಬಿಡುತ್ತಿರಲಿಲ್ಲ. ಬಿಸಿಯಲ್ಲೇ ಎತ್ತಿದರೆ ಸುಕ್ಕು ಮತ್ತೆ ಬಂದು ಕೂರುತ್ತದಂತೆ. ಇಪ್ಪತ್ತೆರಡು ವರ್ಷ ಅದೇ ಮೇಜು. ಮಗಳ ಮನೆಯಲ್ಲಿದ್ದವಳಿಗೆ ಆ ಕೆಲಸವೆಂದರೆ ಪ್ರಾಣ. "ದುಡಿಯೋ ತನಕ ಅಳಿಯನ ಎದುರು ತಲೆ ಎತ್ತಿ ಕೂತು ಉಣ್ತೀನಿ" ಎನ್ನುವಳು.

ಒಂದು ದಿನ ಯಾರೋ ಪುಣ್ಯಾತ್ಮರು ಆ ಮೂಟೆ ತಂದುಹಾಕಿದರು. ಎಲ್ಲ ಒಗೆದಿದ್ದೇವೆ ಎಂದರಂತೆ, ಹಸಿ ಸುಳ್ಳು. ನೋಡಲು ಬಟ್ಟೆ ಚೆನ್ನಾಗಿಯೇ ಇತ್ತು. ಅಕ್ಕ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಳು ನೋಡಿ, ಆವಿಯ ಜೊತೆಗೇ ಎದ್ದಿತು, ಬೆಕ್ಕಿನ ಉಚ್ಚೆಯ ನಾತ! ಎಂದೋ ಒಣಗಿದ್ದಕ್ಕೆ ಬಿಸಿ ತಾಗಿ ಮತ್ತೆ ಜೀವ ಬಂದಿತ್ತು. ಅಬ್ಬಬ್ಬಾ! ಹೊಲಿಯುವವರು ಮೂಗು ಹಿಡಿದುಕೊಂಡು ಬೀದಿಗೆ ಓಡಿದರು. ನಾನು ಚರಂಡಿಯ ಪಕ್ಕ ಕೂತು ಬೆಳಗ್ಗೆ ತಿಂದದ್ದನ್ನೆಲ್ಲ ಕಕ್ಕಿದೆ.

ಬಾಯಿ ಒರೆಸಿಕೊಂಡು ತಿರುಗಿ ನೋಡಿದರೆ ಅಕ್ಕ ಇನ್ನೂ ಒತ್ತುತ್ತಲೇ ಇದ್ದಳು.

"ಯಾಕ್ರೇ, ಎಲ್ಲರೂ ಎಲ್ಲಿಗೆ ಹೋದ್ರಿ?" ಎಂದು ಕೂಗಿದಳು.

ಮಧ್ಯಾಹ್ನ ಒಬ್ಬಳೇ ಸಿಕ್ಕಾಗ ಕೇಳಿದೆ, "ಅಕ್ಕಾ, ನಿಮಗೆ ವಾಸನೆನೇ ಬರಲ್ವಾ?"

"ಮೆಲ್ಲಗೆ ಮಾತಾಡೇ, ನಿನ್ನ ದಮ್ಮಯ್ಯ. ಹೋದ ವರ್ಷ ಜ್ವರ ಬಂದಿತ್ತಲ್ಲ, ಅವತ್ತಿಂದ ಇಲ್ಲ. ಅಂಗಡಿ ಯಜಮಾನರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು. ಸೀದ ವಾಸನೆ ಗೊತ್ತಾಗದವಳ ಕೈಗೆ ಯಾರು ಇಸ್ತ್ರಿ ಕೊಡ್ತಾರೆ?"

ಹಾಗಂತ ಒಂದು ಚೂರು ಬಟ್ಟೆಯನ್ನೂ ಅವಳು ಸುಟ್ಟಿರಲಿಲ್ಲ. ಮೂಗು ಮಾಡುವ ಕೆಲಸವನ್ನೂ ಕಣ್ಣಿನಿಂದಲೇ ಮಾಡುತ್ತಿದ್ದಳು. ಪೆಟ್ಟಿಗೆಯ ಮೇಲಿಂದ ದೃಷ್ಟಿ ಕದಲಿಸುತ್ತಿರಲಿಲ್ಲ, ಸಂಜೆಯಾಗುವಷ್ಟರಲ್ಲಿ ಕಣ್ಣು ಕೆಂಪಗಾಗಿರುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಆದರೆ ಯಜಮಾನ ಕುರುಡನೇ? ಬೀದಿಯಲ್ಲಿ ನಿಂತು ಎಲ್ಲ ನೋಡಿದ್ದ. ಮರುದಿನ ಅಕ್ಕನನ್ನು ಕರೆದು ಕೇಳಿಯೇಬಿಟ್ಟ. ಅವಳು ಅಳುತ್ತಾ ಒಪ್ಪಿಕೊಂಡಳು. ಕೆಲಸದಿಂದ ತೆಗೆದುಹಾಕುತ್ತಾನೆ ಎಂದುಕೊಂಡೆ. ಅವನ ಮುಖ ಅರಳಿತು!

"ಅಳೋದ್ಯಾಕಮ್ಮಾ? ಒಳ್ಳೇದೇ ಆಯ್ತು. ಇಷ್ಟು ದಿನ ವಾಪಸ್ ಕಳಿಸ್ತಿದ್ದ ಕೊಳಕು ಮೂಟೆಗಳನ್ನೆಲ್ಲ ಇನ್ಮೇಲೆ ತಗೋಬಹುದು. ಅದನ್ನ ನೀನು ನೋಡ್ಕೊ. ಒಳ್ಳೆ ಬಟ್ಟೆ ಮಾತ್ರ ಮುಟ್ಬೇಡ, ಸುಟ್ಟುಬಿಡ್ತೀಯ."

ಇಪ್ಪತ್ತೆರಡು ವರ್ಷ ದುಡಿದವಳಿಗೆ ಹೇಳುವ ಮಾತೇ ಅದು? ಥೂ, ಅವನ ಮೋರೆಗಿಷ್ಟು! ಅಕ್ಕ ಮಾತ್ರ ಕೈ ಮುಗಿದಳು. ಕೆಲಸ ಉಳಿಯಿತಲ್ಲ, ಅವಳಿಗೆ ಅಷ್ಟೇ ಸಾಕಿತ್ತು.

ಅವಳ ಮೇಜನ್ನು ಕಿಟಕಿಯಿಲ್ಲದ ಹಿಂದಿನ ಕೋಣೆಗೆ ತಳ್ಳಿದರು. ಹಾಸಿಗೆ ಹಿಡಿದವರ ಹೊದಿಕೆ, ನಾಯಿ ಮಲಗಿದ ಚಿಂದಿ, ಬೂಷ್ಟು ಹಿಡಿದ ಪರದೆ, ಹೇಸಿಗೆಯೆಲ್ಲ ಅಲ್ಲಿಗೇ. ಒಗೆದು ತಂದರೂ ಬಿಸಿ ತಾಗಿದರೆ ನಾರುವಂಥವು. ದಿನವಿಡೀ ಆ ಆವಿಯಲ್ಲಿ ನಿಂತು ನಿಂತು ಅದು ಅವಳ ಕೂದಲಿಗೆ, ಚರ್ಮಕ್ಕೆ ಹತ್ತಿಕೊಂಡಿತು. ಊಟದ ಹೊತ್ತಿಗೆ ಅವಳು ಬಂದು ಕೂತರೆ ಹೊಲಿಯುವವರು ಒಬ್ಬೊಬ್ಬರೇ ಏನಾದರೂ ನೆವ ಹೇಳಿ ಏಳುತ್ತಿದ್ದರು. ನಾನೇನು ಸಾಚಾ? ನಾನೂ ಡಬ್ಬಿ ಹಿಡಿದುಕೊಂಡು ಬಾಗಿಲ ಕಡೆಗೆ ಸರಿಯುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು, ಆದರೂ ಸರಿಯುತ್ತಿದ್ದೆ.

ಒಂದು ದಿನ ಅಕ್ಕ ಡಬ್ಬಿ ತೆರೆಯದೆ ಕೂತಿದ್ದಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳೇ. ಮೊಮ್ಮಗ ನನ್ನ ಹತ್ರ ಬರೋದೇ ಬಿಟ್ಟಿದ್ದಾನೆ. ಮಗಳು ನನ್ನ ತಟ್ಟೆ ಹಿತ್ತಲಿಗೆ ತಂದಿಟ್ಟು ಹೋಗ್ತಾಳೆ. ಯಾರೂ ಏನೂ ಹೇಳಲ್ಲ. ನಾನೇನೇ ತಪ್ಪು ಮಾಡ್ದೆ?"

ಏನೂ ಇಲ್ಲ ಬಿಡಿ ಎಂದು ಎದ್ದು ಹೋಗಿಬಿಡಬಹುದಿತ್ತು. ಹೋಗಲಿಲ್ಲ.

"ಅಕ್ಕಾ, ನಿಮ್ಮ ಮೈ ನಾರುತ್ತೆ" ಎಂದೆ.

ಅವಳು ತೋಳನ್ನು ಮೂಗಿಗೆ ಹಿಡಿದು ಮೂಸಿದಳು. ಇನ್ನೊಂದು ತೋಳನ್ನೂ ಮೂಸಿದಳು. ಜಡೆಯನ್ನು ಮುಂದಕ್ಕೆಳೆದು ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉಸಿರು ಎಳೆದೆಳೆದು ಮೂಸಿದಳು.

"ಏನೂ ಇಲ್ವಲ್ಲೇ" ಎಂದಳು.