ಖಂಡೇ ಪೂಜೆಯ ದಿನ ಮೂಕವಾದ ವಾಲ್ವ್ ಆಂಪ್ಲಿಫೈಯರ್

೨೦೦೯ರ ಮಾತು. ನಿಪ್ಪಾಣಿಯಲ್ಲಿ ನಾನು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತ್ತು. ಅಂದು ಖಂಡೇ ಪೂಜೆ, ಅಂದರೆ ಆಯುಧಪೂಜೆ. ನಮ್ಮ ಕಡೆ ಆ ದಿನ ಹತಾರಗಳಿಗೆ ಕುಂಕುಮ ಹಚ್ಚಿ ಪೂಜೆಗಿಟ್ಟರೆ ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ನನ್ನ ಸ್ಕ್ರೂಡ್ರೈವರ್, ಇಕ್ಕಳ, ಮೀಟರ್ ಎಲ್ಲವೂ ಚೆಂಡುಹೂವಿನ ಕೆಳಗೆ ಆರಾಮಾಗಿ ಕೂತಿದ್ದವು.

ಹೊತ್ತು ಇಳಿಯುವಾಗ ರಿಕ್ಷಾ ಬಂದು ನಿಂತಿತು. ಇಳಿದವಳು ಸವಿತಾ. ಹಗಲು ತಂಬಾಕು ತುಂಬಿಡುವ ವಖಾರಿಯಲ್ಲಿ ಕೆಲಸ, ಸಂಜೆ ಗಿಟಾರ್ ಅಭ್ಯಾಸ. ಊರಿನ ಆರ್ಕೆಸ್ಟ್ರಾದಲ್ಲಿ ಅವಳಿಗೆ ಅಂದೇ ಮೊದಲ ಅವಕಾಶ. ಅದಕ್ಕೆಂದೇ ಮಿರಜಿನಿಂದ ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ತಂದಿದ್ದಳು. ಜೊತೆಗೆ ಆರ್ಕೆಸ್ಟ್ರಾದ ಮಾಸ್ತರರು, ಮುಖ ಗಂಟಿಕ್ಕಿಕೊಂಡು.

“ಅಣ್ಣಾರ, ಮಿರಜದಾಗ ಚಲೋ ನುಡೀತಿತ್ರಿ. ಇಲ್ಲಿ ಬಾಯಿನ ಬಿಡವಲ್ದು,” ಅಂದಳು ಸವಿತಾ. ಕಣ್ಣಲ್ಲಿ ನೀರು ತುಂಬಿತ್ತು.

“ಏಳರೊಳಗ ನುಡೀಲಿಲ್ಲಂದ್ರ ಕೀಬೋರ್ಡಿನವ್ರನ್ನ ಕರೀತೀನ್ರಿ. ಮುಂದನೂ ಅವ್ರ,” ಎಂದರು ಮಾಸ್ತರರು.

ನನ್ನ ಕೈ ತಾನಾಗಿ ಸ್ಕ್ರೂಡ್ರೈವರ್ ಕಡೆ ಹೋಯಿತು. ಹೆಂಡತಿ ಪದ್ಮಾ ಒಳಗಿನಿಂದಲೇ ಗುಡುಗಿದಳು: “ಅಲ್ರಿ, ಪೂಜಾದ ಹತಾರ ಮುಟ್ಟೀರಿ ಮತ್ತ! ಬುದ್ಧಿಗಿದ್ಧಿ ಐತೋ ಇಲ್ಲೋ?”

ಸೈ, ಮುಟ್ಟುವುದಿಲ್ಲ. ಆದರೆ ನನ್ನ ಕಣ್ಣಿಗೆ, ಕಿವಿಗೆ ಯಾರೂ ಕುಂಕುಮ ಹಚ್ಚಿರಲಿಲ್ಲವಲ್ಲ! ಸ್ವಿಚ್ ಹಾಕಿದೆ. ಗಾಜಿನ ಬಲ್ಬಿನಂಥ ವಾಲ್ವ್‌ಗಳು ಕೆಂಪಗೆ ಹೊತ್ತಿಕೊಂಡವು. ವಾಲ್ಯೂಮ್ ಏರಿಸಿದರೆ ಸ್ಪೀಕರಿನಲ್ಲಿ ಸುಸ್ಸೆನ್ನುವ ಸದ್ದೂ ಏರಿತು. ಅಂದರೆ ವಾಲ್ಯೂಮಿನಿಂದ ಆಚೆಗೆ ಎಲ್ಲವೂ ಜೀವಂತ. ತಂತಿ ಮೀಟಿದರೆ ಮಾತ್ರ ಪಿಟ್ಟೆನ್ನದು. ನಾದ ಅದಕ್ಕೂ ಮೊದಲೇ, ಟೋನ್ ಕಂಟ್ರೋಲ್ ಇರುವ ಕಡೆ ಕಳೆದುಹೋಗುತ್ತಿರಬೇಕು. ಬಗ್ಗಿ ನೋಡಿದೆ. ಬಾಸ್, ಮಿಡಲ್, ಟ್ರೆಬಲ್, ಮೂರೂ ನಾಬ್ ಸೊನ್ನೆಯಲ್ಲಿ!

“ಇವನ್ನ ಯಾರು ತಿರುವ್ಯಾರ?”

“ನಾನರೀ,” ಎಂದರು ಮಾಸ್ತರರು. “ಸೊನ್ನಿಗಿಟ್ರ ಸಾದಾ ಆವಾಜ್ ಬರ್ತೈತಿ. ನಮ್ಮ ಮಿಕ್ಸರದಾಗ ಹಂಗ ಇಡ್ತೀವಿ.”

ನಾನು ನಕ್ಕ ರಭಸಕ್ಕೆ ಪದ್ಮಾ ಹೊರಗೆ ಓಡಿ ಬಂದಳು. ಮಾಸ್ತರರ ಮಿಕ್ಸರಿಗೆ ಅವರ ರೂಢಿ ಸರಿಯೇ. ಅಲ್ಲಿ ಸೊನ್ನೆ ನಡುವೆ ಇರುತ್ತದೆ. ಎಡಕ್ಕೆ ತಿರುವಿದರೆ ಕಡಿಮೆ, ಬಲಕ್ಕೆ ಹೆಚ್ಚು. ಇಲ್ಲಿ ಸೊನ್ನೆ ಎಂದರೆ ಪೂರ್ತಿ ಎಡತುದಿ. ಈ ಹಳೆಯ ಆಂಪ್ಲಿಫೈಯರಿನ ಟೋನ್ ಕಂಟ್ರೋಲ್ ಎಂದರೆ ಬರೀ ಕೆಪಾಸಿಟರು, ರೆಸಿಸ್ಟರು. ಅದು ಕಳೆಯಬಲ್ಲದು, ಕೂಡಿಸಲಾರದು. ಮೊದಲ ವಾಲ್ವಿನಿಂದ ಬಂದ ನಾದ ಇಲ್ಲಿ ಹಂಚಿಹೋಗುತ್ತದೆ. ಸಣ್ಣ ಕೆಪಾಸಿಟರ್ ಕೀರಲು ಸ್ವರವನ್ನಷ್ಟೇ ಬಿಡುತ್ತದೆ, ದೊಡ್ಡವು ತಗ್ಗಿನ ಸ್ವರವನ್ನೂ ಬಿಡುತ್ತವೆ. ಎಷ್ಟು ಮುಂದಕ್ಕೆ, ಎಷ್ಟು ಗ್ರೌಂಡಿಗೆ ಹರಿದು ಪೋಲಾಗಬೇಕು ಎಂಬುದನ್ನು ನಾಬ್‌ಗಳು ತೀರ್ಮಾನಿಸುತ್ತವೆ. ಇಲ್ಲಿ ಆಗುವ ನಷ್ಟವನ್ನು ಮುಂದಿನ ವಾಲ್ವ್ ತುಂಬಿಕೊಡುತ್ತದೆ. ಮೂರನ್ನೂ ಸೊನ್ನೆಗಿಟ್ಟರೆ, ಕಬ್ಬಿನ ಹೊಲದ ಬದು ಒಡೆದು ನೀರೆಲ್ಲ ಹಳ್ಳಕ್ಕೆ ಹೋದಂತೆ, ನಾದವೆಲ್ಲ ಗ್ರೌಂಡಿಗೆ ಹೋಗುತ್ತದೆ.

“ಬಾರಿಸು ತಂಗಿ!” ಎಂದೆ. ಟ್ರೆಬಲ್ ಏರಿಸಿದೆ. ಚಿಣ್ ಎಂದಿತು! ಬಾಸ್ ತುಸು ಬಿಟ್ಟೆ, ದನಿಗೆ ಮೈ ಬಂತು. ಮಿಡಲ್ ಏರಿಸಿದಾಗ ಅಂಗಡಿಯ ಕಪಾಟಿನ ಗಾಜು ನಡುಗಿತು. ಸವಿತಾ ಅಳುತ್ತಲೇ ನಗತೊಡಗಿದಳು. ನನಗೂ ಕುಣಿಯುವಷ್ಟು ಖುಷಿ.

“ಢೋಲಕಿ ಜೋಡಿ ಬಾಸ್ ಏರಿಸಿದ್ರ ಅದರೊಳಗ ಮುಳುಗ್ತಿ. ಮಿಡಲ್ ಹಿಡ್ಕೋ, ಮಂದ್ಯಾಗೂ ನಿನ್ನ ದನಿ ಕೇಳ್ತೈತಿ,” ಎಂದು ಹೇಳಿ ಕಳಿಸಿದೆ.

ಮನಸ್ಸು ತಡೆಯಲಿಲ್ಲ, ಪದ್ಮಾಳನ್ನು ಕರೆದುಕೊಂಡು ಕಾರ್ಯಕ್ರಮಕ್ಕೆ ಹೋದೆ. ಒಂದು ಹಾಡಿನಲ್ಲಿ ಢೋಲಕಿ ಜೋರಾಯಿತು, ಗಿಟಾರ್ ಅಡಗಿಹೋಯಿತು. ಮಾಸ್ತರರು ಎಚ್ಚರಿಕೆಗೆಂದು ಕರೆಸಿಟ್ಟಿದ್ದ ಕೀಬೋರ್ಡಿನವರತ್ತ ತಿರುಗಿದರು. ಅಷ್ಟರಲ್ಲಿ ಸವಿತಾ ತಾನೇ ಬಗ್ಗಿ ಮಿಡಲ್ ತಿರುವಿದಳು. ಢೋಲಕಿಯ ಮೇಲಿಂದ ಗಿಟಾರ್ ಎದ್ದು ಬಂತು ನೋಡಿ, ಮಂದಿ ಸೀಟಿ ಹೊಡೆದರು! ಹಾಡು ಮುಗಿದ ಮೇಲೆ ಮಾಸ್ತರರು ಮೈಕ್ ಹಿಡಿದು, “ಗಿಟಾರ್ ಮ್ಯಾಲ ನಮ್ಮ ಸವಿತಾ,” ಎಂದರು. ನಾನು ಕೇಳಿದ ಹಾಗೆ ಅವರು ಅವಳನ್ನು ‘ನಮ್ಮ’ ಎಂದದ್ದು ಅದೇ ಮೊದಲು.

ಕೆಟ್ಟಿದೆ ಎಂದು ಬಂದದ್ದೆಲ್ಲ ಕೆಟ್ಟಿರುವುದಿಲ್ಲ. ಅಂದು ಹತಾರ ಕೈಗೆ ಸಿಕ್ಕಿದ್ದರೆ ಚೆನ್ನಾಗಿದ್ದ ಸೆಟ್ಟನ್ನು ಬಿಚ್ಚಿ ಹರವಿಕೊಂಡು ಕೂತಿರುತ್ತಿದ್ದೆ, ಸವಿತಾಳ ಏಳು ಗಂಟೆ ದಾಟಿಹೋಗುತ್ತಿತ್ತು. ಈಗ ಯಾವ ಸೆಟ್ ಬಂದರೂ ಮೊದಲು ಕೈ ಹಿಂದೆ ಕಟ್ಟಿ ನೋಡುತ್ತೇನೆ, ಕೇಳುತ್ತೇನೆ, ದಿನವೂ ಖಂಡೇ ಪೂಜೆ ಇದ್ದ ಹಾಗೆ.