ಕಸದ ಬುಟ್ಟಿಗೆ ಬಿದ್ದ ಹಾವಸೆ

ನಮ್ಮವರು ತೀರಿಕೊಂಡ ಮೂರನೆಯ ದಿನ ಕಾಲೇಜಿನ ಜವಾನ ಮನೆಗೆ ಬಂದ. ಮಾತಾಡಿಸಿಕೊಂಡು ಹೋಗಲು ಬಂದಿದ್ದಾನೆಂದು ಚಾಪೆ ಹಾಸಿದೆ. ಅವನು ಕೂಡಲಿಲ್ಲ.

"ವೈನಿ, ಸರ್ ಭೂತಗನ್ನಡಿ ತಗೊಂಡ್ ಬಾ ಅಂದಾರ. ಅದು ಲ್ಯಾಬಿಂದು ಅಂತ."

ಗೂಟಕ್ಕೆ ಹಾಕಿದ್ದ ಅವರ ಅಂಗಿಯ ಜೇಬಿನಲ್ಲೇ ಇತ್ತು. ಹೆಬ್ಬೆರಳು ತಾಗಿ ತಾಗಿ ಹಿಡಿಕೆಯ ಕಪ್ಪು ಬಣ್ಣ ಒಂದು ಕಡೆ ಹೋಗಿತ್ತು. ಕೊಟ್ಟು ಕಳಿಸಿದೆ. ಆ ಸರ್ ಮಣ್ಣಿಗೆ ಬಂದಿರಲಿಲ್ಲ. ಅವತ್ತೇ ಸೆರಗಿಗೆ ಗಂಟು ಹಾಕಿಕೊಂಡಂತೆ ಮನಸ್ಸಿಗೆ ಹೇಳಿಕೊಂಡೆ, ಇದನ್ನು ಮರೆಯಬಾರದು.

ನಮ್ಮವರು ಕಲಬುರಗಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲ್ಯಾಬ್ ಅಟೆಂಡರ್. ಗಾಜಿನ ಸಾಮಾನು ತೊಳೆಯುವುದು, ಕಸ ಹೊಡೆಯುವುದು ಅವರ ಕೆಲಸ. ಓದಿದ್ದು ಮೆಟ್ರಿಕ್. ನಾನೂ ಅಷ್ಟೇ. ಹಾವಸೆಯ, ಅಂದರೆ ಕಲ್ಲಿಗೆ ಹತ್ತುವ ಹಸಿರು ಪಾಚಿಯ, ಹುಚ್ಚು ಅವರಿಗೆ ಹೇಗೆ ಹತ್ತಿತೋ ನನಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಕೋಟೆಯ ಗೋಡೆ ಹಸಿರಾದರೆ ಸೈಕಲ್ ಅಲ್ಲೇ ನಿಲ್ಲುತ್ತಿತ್ತು. ನನ್ನ ತವರು ಕಮಲಾಪುರಕ್ಕೆ ಹೋದರೂ ಅದೇ. ತಮ್ಮನ ಕೆಂಪು ಬಾಳೆಯ ತೋಟದಲ್ಲಿ ಮೆಟ್ಟಿಲು ಬಾವಿ ಇತ್ತು. ಇಳಿದರೆ ಊಟದ ಹೊತ್ತಿಗೂ ಮೇಲೆ ಬರುತ್ತಿರಲಿಲ್ಲ.

"ಅಕ್ಕಾ, ಮಾಮಾಗ ಬಾಳಿಹಣ್ಣ ಕೊಟ್ರ ಬ್ಯಾಡಂತಾನ, ಕಲ್ಲು ಕೆರೀಲಕತ್ತಾನ," ಎಂದು ತಮ್ಮ ನಗುತ್ತಿದ್ದ. "ರಾತ್ರಿಗಿ ಹಾವಸಿ ಪಲ್ಯಾನೇ ಮಾಡಿ ಹಾಕು."

ಒಮ್ಮೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಕೋಟೆಯ ಹಾವಸೆ, ಬಾವಿಯ ಹಾವಸೆ ಎರಡನ್ನೂ ತೋರಿಸಿದರು. ಕೋಟೆಯದು ಒಣಗಿದಾಗ ಎಲೆಯ ಅಂಚು ಒಳಗೆ ಸುತ್ತಿಕೊಳ್ಳುತ್ತದೆ. ಬಾವಿಯದರ ಎಲೆಗಳು ಹಿಂಡಿದ ಬಟ್ಟೆಯ ಹಾಗೆ ಕಡ್ಡಿಯ ಸುತ್ತ ತಿರುಚಿಕೊಳ್ಳುತ್ತವೆ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಾಯಿ. ಕೋಟೆಯದರ ಕಾಯಿಗೆ ಬಾಯಿ ಬೋಳು. ಬಾವಿಯದಕ್ಕೆ ಬಾಯಿಯ ಸುತ್ತ ಕೆಂಪು ಹಲ್ಲು.

"ಇದು ಬ್ಯಾರೆ ಅದ," ಅಂದರು.

"ಹಲ್ಲು ಬಿದ್ದ ಮ್ಯಾಲ ಎಲ್ಲಾ ಮುದುಕ್ರೂ ಒಂದೇ ಕಾಣ್ತಾರಲ್ರೀ," ಎಂದೆ.

"ಶಾಣ್ಯಾ ಇದ್ದಿ ನೀ. ಅದಕ್ಕೇ ಮುಚ್ಚಳ ಬಿಚ್ಚಲಾರದ ಎಳೀ ಕಾಯಿ ನೋಡೀನಿ. ಕೋಟಿದಕ್ಕ ಹಲ್ಲು ಹುಟ್ಟೇ ಇಲ್ಲ."

ಬಾವಿಯದನ್ನು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲಿನ ಮಡಿಕೆಗೆ ಚೀಟಿ ಅಂಟಿಸಿ, ಸಿಕ್ಕ ಜಾಗ, ದಿನ, ಸಂಗ್ರಹಿಸಿದವರ ಹೆಸರು ಬರೆದರು. ಮರುದಿನ ಲ್ಯಾಬಿನಲ್ಲಿ ಅದೇ ಸರ್ ಮುಂದೆ ಇಟ್ಟು, ಇದು ಕೋಟೆಯದಲ್ಲ, ಬೇರೆ ಎಂದರಂತೆ. ಪ್ರಾಕ್ಟಿಕಲ್ ನಡೆದಿತ್ತಂತೆ.

"ನೆಳ್ಳಾಗ ಬೆಳದ್ರ ಹಂಗೇ ಕಾಣ್ತದ, ಎರಡೂ ಒಂದೇ," ಎಂದ ಸರ್, ಹುಡುಗರ ಕಡೆ ತಿರುಗಿ, "ಗ್ಲಾಸ್ ತೊಳಿಯೋರು ಪಾಠ ಹೇಳಿದ್ರ ನಾವೇನ್ ಗ್ಲಾಸ್ ತೊಳಿಬೇಕೇನ್?" ಎಂದರಂತೆ. ಹುಡುಗರು ನಕ್ಕರು. ಪೊಟ್ಟಣ ಕಸದ ಬುಟ್ಟಿಗೆ ಹೋಯಿತು.

ಆ ಬುಟ್ಟಿ ಖಾಲಿ ಮಾಡುವ ಕೆಲಸವೂ ನಮ್ಮವರದೇ. ಹಾಗಾಗಿ ಪೊಟ್ಟಣ ಮನೆಗೆ ಬಂತು. ಬೇವಿನೆಲೆ ಹಾಕಿ ಟ್ರಂಕಿನಲ್ಲಿಟ್ಟರು. ಆಮೇಲೆ ಹಾವಸೆಯ ಮಾತು ಎತ್ತಲಿಲ್ಲ. ಎರಡು ವರ್ಷಕ್ಕೆ ಎದೆನೋವು ಬಂದು ಹೋಗಿಬಿಟ್ಟರು. ಅದೂ ಇದೂ ಕೂಡಿಸಬಾರದು ಎಂದು ಡಾಕ್ಟರು ಹೇಳಿದರು. ನಾನು ಕೂಡಿಸಿಯೇ ಇದ್ದೇನೆ.

ಹತ್ತು ವರ್ಷಕ್ಕೂ ಮೇಲಾಗಿತ್ತು. ಅದೇ ಸರ್, ತಲೆ ಪೂರ್ತಿ ಬೆಳ್ಳಗಾಗಿತ್ತು, ಸೇಬು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಜೊತೆಗೆ ಅವರ ಕೈಕೆಳಗೆ ಸಂಶೋಧನೆ ಮಾಡುವ ಒಬ್ಬ ಹುಡುಗಿ. ವಿಷಯ ಹೇಳಿದ್ದು ಅವಳೇ. ಕಮಲಾಪುರದ ಬಾವಿಯ ಹಾವಸೆಯನ್ನು ಹೈದರಾಬಾದಿನ ಲ್ಯಾಬಿಗೆ ಕಳಿಸಿದ್ದಳು. ಅದರ ಡಿಎನ್ಎ ಕೋಟೆಯದಕ್ಕೆ ಕೂಡಲಿಲ್ಲ.

"ಆದ್ರ ನನಗ ಸಿಕ್ಕದ್ದರಾಗ ಕಾಯಿ ಇರ್ಲಿಲ್ರೀ ಆಂಟಿ. ಡಿಎನ್ಎ ಬ್ಯಾರೆ ಅಂತ ಹೇಳ್ತದ, ನೋಡ್ಲಿಕ್ಕ ಹೆಂಗದ ಅಂತ ಹೇಳಂಗಿಲ್ಲ. ಮತ್ತ ಹೋಗೋದ್ರಾಗ ಬಾವಿ ಮುಚ್ಚಿಬಿಟ್ಟಾರ."

ನಿಜ. ಬೋರ್‌ವೆಲ್ ಹಾಕಿಸಿದ ಮೇಲೆ ನನ್ನ ತಮ್ಮ ಆ ಬಾವಿಗೆ ಮಣ್ಣು ತುಂಬಿಸಿದ್ದ.

"ತಂಗಿ, ನಿಮ್ಮವರ ಬಲ್ಲಿ ಒಂದು ಪೊಟ್ಣ ಇತ್ತು," ಎಂದರು ಸರ್.

"ನೀವು ಕಸದ ಬುಟ್ಟ್ಯಾಗ ಹಾಕಿದ್ರಲ್ರೀ ಸರ್. ಅಲ್ಲೇ ನೋಡ್ರಿ."

ಹುಡುಗಿ ಅವರ ಮುಖ ನೋಡಿದಳು. ಅವರು ಫ್ಯಾನ್ ನೋಡಿದರು. ನಾನು ಸಾವಕಾಶ ಚಹಾ ಮಾಡಿ ತಂದೆ. ಅಷ್ಟು ಹೊತ್ತು ಅವರು ಹಾಗೇ ಕೂತಿರಲಿ ಎಂದೇ ಸಾವಕಾಶ ಮಾಡಿದೆ. ಆಮೇಲೆ ಹೇಳಿದೆ, "ನಾಳಿ ಲ್ಯಾಬಿಗಿ ತರ್ತೀನಿ. ಹುಡುಗ್ರು ಇರೋ ಹೊತ್ತಿಗಿ. ಆ ಭೂತಗನ್ನಡಿನೂ ತಗದಿಡ್ರಿ."

ಮರುದಿನ ಪೊಟ್ಟಣವನ್ನು ಸರ್ ಕೈಗೆ ಕೊಡಲಿಲ್ಲ, ಹುಡುಗಿಗೆ ಕೊಟ್ಟೆ. ಭೂತಗನ್ನಡಿ ಹಿಡಿದು ಬಗ್ಗಿದವಳು ಕೂಗಿಯೇಬಿಟ್ಟಳು, "ಹಲ್ಲು ಅವ!"

"ಹೌದು ಹೌದು," ಎಂದರು ಸರ್.

"ನೀವು ನೋಡಿ ಹೇಳ್ರಿ ಸರ್."

ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. "ಬ್ಯಾರೆ ಅದ," ಎಂದರು ಸಣ್ಣಗೆ.

"ಹಿಂದಿನ ಬೆಂಚಿಗಿ ಕೇಳ್ಲಿಲ್ರೀ. ಚೀಟೀನೂ ಓದ್ರಿ."

ಇನ್ನೊಮ್ಮೆ ಹೇಳಿದರು. ಚೀಟಿ ಓದಿದರು. ಇಷ್ಟು ವರ್ಷ 'ಏ ಅಟೆಂಡರ್' ಎಂದ ಬಾಯಿಂದ ನಮ್ಮವರ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ, ಅವತ್ತು ಬಂತು.

"ಈಗ ಸಮಾಧಾನ ಆತೇನ್ ತಂಗಿ?"

"ಇಲ್ರೀ," ಎಂದು ಮೇಜಿನ ಮೇಲಿದ್ದ ಭೂತಗನ್ನಡಿ ಎತ್ತಿಕೊಂಡೆ. ಬಣ್ಣ ಹೋದ ಜಾಗದಲ್ಲಿ ನನ್ನ ಹೆಬ್ಬೆರಳು ಕೂತಿತು.

"ಅದು ಲ್ಯಾಬಿಂದು…"

"ಮೂರು ದಿನ ಬಿಟ್ಟು ಜವಾನನ್ನ ಕಳಿಸ್ರಿ."

ಯಾರೂ ಬರಲಿಲ್ಲ. ಕೆಲವು ತಿಂಗಳ ಮೇಲೆ ಆ ಹುಡುಗಿ ಮಾತ್ರ ಬಂದಳು. ಪೊಟ್ಟಣದ ಒಂದೆರಡು ಎಲೆಯ ಡಿಎನ್ಎ ಅವಳು ಬಾವಿಯಿಂದ ತಂದಿದ್ದ ಚೂರಿನದಕ್ಕೆ ಕೂಡಿತ್ತು. ಪೊಟ್ಟಣ ಈಗ ಕಾಲೇಜಿನ ಕಪಾಟಿನಲ್ಲಿದೆಯಂತೆ, ಚೀಟಿ ಅದೇ, ಹೆಸರು ಅದೇ.

ಮುಂದೆ ಸರ್ ತೀರಿಕೊಂಡ ಸುದ್ದಿ ಬಂತು. ಅವತ್ತು ನನಗೆ ಬಟ್ಟೆ ಒಗೆಯುವುದಿತ್ತು. ಒಗೆದು, ಹಿಂಡಿ, ಒಣಹಾಕಿದೆ. ಮಣ್ಣಿಗೆ ಹೋಗಲಿಲ್ಲ.