ಬೇಲಿಯ ಮೇಲಿನ ಕೆಂಪು ಸೀರೆ

ಮೂರನೆಯ ತರಗತಿಯಲ್ಲಿದ್ದಾಗ ನಾನು ಹುಣಸೆ ಮರದಿಂದ ಬಿದ್ದು ಬಲಗಾಲು ಮುರಿದುಕೊಂಡೆ. ಇಷ್ಟು ನಿಜ, ಕಾಲಿನಲ್ಲಿ ಈಗಲೂ ಗುರುತಿದೆ. ಇದರ ಮುಂದಿನದನ್ನು ಬರೆಯಲು ನನಗೆ ಅಷ್ಟು ಧೈರ್ಯವಿಲ್ಲ. ಎಪ್ಪತ್ತರ ದಶಕದಲ್ಲಿ, ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಬರೆದ ದಿನಚರಿಯಲ್ಲಿ ಇದೇ ಸಂಗತಿ ಎರಡು ಕಡೆ ಎರಡು ಥರ ಇದೆ. ಮೊದಲನೆಯದು ನನಗೆ ನೆನಪಿದ್ದಂತೆ ಬರೆದದ್ದು. ಎರಡನೆಯದು ಊರಿಗೆ ಹೋಗಿ ನಮ್ಮ ಮನೆಯ ಕಿಟಕಿ ನೋಡಿಕೊಂಡು ಬಂದ ಮೇಲೆ ಬರೆದದ್ದು.

ನಮ್ಮೂರು ದೇವನಹಳ್ಳಿ ತಾಲ್ಲೂಕಿನಲ್ಲಿ, ಚನ್ನರಾಯಪಟ್ಟಣ ಹೋಬಳಿಯ ಕಡೆ. ಕೆರೆಯ ಈ ದಡದಲ್ಲಿ ನಮ್ಮ ಮನೆ, ಆ ದಡದಲ್ಲಿ ಶಾಲೆ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಅವರು ದೇವನಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದು ಸಂಜೆ ಅಲ್ಲಿಗೇ ವಾಪಸು ಹೋಗುತ್ತಿದ್ದರು. ನಮ್ಮ ಮನೆಗೆ ಬರಬೇಕೆಂದರೆ ಕೆರೆ ಏರಿಯ ಮೇಲೆ ತಮ್ಮ ದಾರಿಗೆ ತದ್ವಿರುದ್ಧವಾಗಿ ಬರಬೇಕಿತ್ತು.

ನಾಟಿ ವೈದ್ಯ ಕಾಲಿಗೆ ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಬಳಿದು, ಬಟ್ಟೆ ಬಿಗಿದು, ಮೂರು ತಿಂಗಳು ಕಾಲು ಊರಬಾರದು ಎಂದು ಹೇಳಿ ಹೋಗಿದ್ದ. ಅದಾದ ಮೂರೋ ನಾಲ್ಕೋ ದಿನಕ್ಕೆ ಮೇಷ್ಟ್ರು ಬಂದರು. ಅಪ್ಪ ಜಗುಲಿಯ ಮೇಲೆ ಕೂತಿದ್ದ. ನಾನು ಒಳಗೆ ಮಲಗಿ ಕೇಳಿಸಿಕೊಳ್ಳುತ್ತಿದ್ದೆ.

"ಈ ವರ್ಷ ಹೋಯ್ತಲ್ಲ ಮೇಷ್ಟ್ರೇ. ಸಾಕ್ ಬಿಡಿ. ಕಾಲ್ ನೆಟ್ಗಾದ್ರೆ ಸೊಪ್ಪು ಬಿಡ್ಸಾಕೆ ಒಂದ್ ಕೈ ಆಯ್ತಾಳೆ," ಎಂದ ಅಪ್ಪ. ನಮಗೆ ಒಂದಿಷ್ಟು ಹಿಪ್ಪುನೇರಳೆ ತೋಟವಿತ್ತು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು.

"ವರ್ಷ ಎಲ್ಲಿ ಹೋಯ್ತು ಯಜಮಾನ್ರೇ? ಕಾಲ್ ಮುರ್ದಿರೋದು, ತಲೆ ಅಲ್ವಲ್ಲ."

"ಅದೂ ಸರೀನೇ. ಮಾರ್ಚಿಗೆ ಪಾಸಾದ್ರೆ ಕಳುಸ್ತೀನಿ. ಇಲ್ಲಾಂದ್ರೆ ಸುಮ್ನೆ ನನ್ ಕೇಳ್ಬೇಡಿ."

ನನ್ನ ಇಡೀ ಓದು ಜಗುಲಿಯ ಮೇಲಿನ ಆ ಮಾತಿಗೆ ಕಟ್ಟುಬಿದ್ದಿತು. ಪಾಸಾಗದಿದ್ದರೆ ಶಾಲೆ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ. ನನಗೆ ಎಂಟು ವರ್ಷ. ಅದು ಎಷ್ಟು ಅರ್ಥವಾಗಿತ್ತೋ ತಿಳಿಯದು. ಅಪ್ಪನ ಮಾತು ಕೇಳಿ ಕಂಬಳಿ ಮುಖದ ಮೇಲೆ ಎಳೆದುಕೊಂಡದ್ದು ಮಾತ್ರ ನೆನಪಿದೆ. ಕಂಬಳಿ ಚುಚ್ಚುತ್ತಿತ್ತು.

ಮೇಷ್ಟ್ರು ಒಳಗೆ ಬಂದು ನನಗೂ ಅವ್ವನಿಗೂ ಒಟ್ಟಿಗೆ ತಮ್ಮ ಉಪಾಯ ಹೇಳಿದರು. ಶಾಲೆಯ ಮುಂದಿನ ಹೊಂಗೆ ಮರಕ್ಕೆ ರೈಲು ಕಂಬಿಯ ಒಂದು ತುಂಡು ತೂಗುಹಾಕಿದ್ದರು, ಅದೇ ಗಂಟೆ. ಇನ್ನು ಮೇಲೆ ಮೂರನೆಯ ತರಗತಿಗೆ ಓದಿನ ಪಾಠವಿದ್ದಾಗ ಒಂದು ಪೆಟ್ಟು, ಕಾಪಿ ಬರೆಯುವಾಗ ಎರಡು, ಲೆಕ್ಕಕ್ಕೆ ಮೂರು. ನೀರಿನ ಮೇಲೆ ಸದ್ದು ಚೆನ್ನಾಗಿ ಬರುತ್ತದೆ. ಕೇಳಿದ ಕೂಡಲೇ ನಾನು ಆ ಪುಸ್ತಕ ತೆಗೆಯಬೇಕು. ವಾರಕ್ಕೊಮ್ಮೆ ಅವರೇ ಬಂದು ಮುಂದಿನ ಪಾಠ ಗುರುತು ಹಾಕಿಕೊಡುತ್ತಾರೆ. ನಡುವೆ ಏನಾದರೂ ಬಾರದಿದ್ದರೆ?

"ಒಂದ್ ಬಟ್ಟೆ ಹಾಕಿ, ನಂಗ್ ಕಾಣ್ತದೆ. ಬಿಳೀದಾದ್ರೆ ಬಂತು ಅಂತ. ಕೆಂಪಾದ್ರೆ ಬರ್ಲಿಲ್ಲ ಅಂತ. ಆವತ್ತು ಸಾಯಂಕಾಲ ಬಂದ್ ಹೇಳ್ಕೊಡ್ತೀನಿ."

ನನ್ನ ಹಾಸಿಗೆಯ ಪಕ್ಕದಲ್ಲಿ ಕಿಟಕಿ. ಒಂದು ಬಿಳಿ ಟವೆಲ್ಲು, ನನ್ನದೊಂದು ಹಳೆಯ ಕೆಂಪು ಲಂಗ ತಲೆದಿಂಬಿನ ಹತ್ತಿರ ಇಟ್ಟುಕೊಂಡೆ. ಮೊದಲನೆಯ ದಿನಚರಿಯ ಪ್ರಕಾರ ಆ ಕಿಟಕಿಯಿಂದ ಕೆರೆ, ಕೆರೆಯಾಚೆ ಶಾಲೆ, ಹೊಂಗೆ ಮರ, ಕಂಬಿ ಬಡಿಯುವ ಮೇಷ್ಟ್ರ ಬಿಳಿ ಅಂಗಿ ಎಲ್ಲವೂ ಕಾಣುತ್ತಿದ್ದವು.

ಓದು, ಕಾಪಿ ಕಷ್ಟವಾಗಲಿಲ್ಲ. ಸಂಕಟವೆಲ್ಲ ಭಾಗಾಕಾರದ್ದು. ಮೂರು ಪೆಟ್ಟು ಕೇಳಿದರೆ ಸ್ಲೇಟು ಎಳೆದುಕೊಳ್ಳುತ್ತಿದ್ದೆ. ಸ್ಲೇಟಿನ ಮೇಲೆ ಬರೆಯುವುದು, ಉಗುಳು ಹಚ್ಚಿ ಅಂಗೈಯಲ್ಲಿ ಒರೆಸುವುದು, ಮತ್ತೆ ಬರೆಯುವುದು. ಆದರೂ ಕಿಟಕಿಯ ಸರಳಿಗೆ ಕಟ್ಟಿದ್ದು ಬಿಳಿ ಟವೆಲ್ಲನ್ನೇ. ಬರಲಿಲ್ಲ ಎಂದು ಊರಿಗೆಲ್ಲ ಕಾಣುವಂತೆ ಕೆಂಪು ಬಟ್ಟೆ ಹಾಕುವುದಕ್ಕಿಂತ ಇನ್ನೊಂದು ಕಾಲು ಮುರಿದುಕೊಳ್ಳುವುದು ವಾಸಿ ಎನ್ನಿಸಿತ್ತು. ಕೆಂಪು ಲಂಗವನ್ನು ನಾನು ಒಂದು ದಿನವೂ ಕಟ್ಟಲಿಲ್ಲ.

ಆದರೆ ಮೊದಲ ಸಲ ಹಾಗೆ ಸುಳ್ಳೇ ಟವೆಲ್ಲು ಕಟ್ಟಿದ ದಿನವೇ ಸಂಜೆ ಮೇಷ್ಟ್ರ ಸೈಕಲ್ ಬೆಲ್ಲು ಕೇಳಿಸಿತು.

"ಯಾವ್ದಮ್ಮಾ ಬರ್ಲಿಲ್ಲ? ತೋರ್ಸು."

"ಎಲ್ಲಾ ಬಂತು ಸಾ."

"ಬಂತಾ? ಹಂಗಾದ್ರೆ ನಾನ್ಯಾಕ್ ಬಂದೆ?"

"ಗೊತ್ತಿಲ್ಲ ಸಾ."

"ನಂಗೂ ಗೊತ್ತಿಲ್ಲ. ಬಂದದ್ದಾಯ್ತಲ್ಲ, ಸೈಕಲ್ ತುಳಿದ್ ಸುಸ್ತಾಗೈತೆ. ಒಂದ್ ಲೆಕ್ಕ ಮಾಡ್ತಿರು, ನಿಮ್ಮವ್ವ ಕಾಫಿ ತರೋವರ್ಗೂ."

ಹೀಗೆ ಅವರು ಎಷ್ಟು ಸಲ ಬಂದರು? ಹತ್ತು ಎಂದು ಒಂದು ಕಡೆ ಬರೆದಿದ್ದೇನೆ, 'ಹೆಚ್ಚುಕಡಿಮೆ ದಿನಾ' ಎಂದು ಇನ್ನೊಂದು ಕಡೆ. ಎರಡನ್ನೂ ನಂಬಲಾರೆ. ನನಗೆ ಸೋಜಿಗವಾಗುತ್ತಿದ್ದದ್ದು ಬೇರೆ: ನನಗೆ ನಿಜವಾಗಿ ಲೆಕ್ಕ ಬಂದ ದಿನ ಅವರು ಬರುತ್ತಿರಲಿಲ್ಲ. ಸುಳ್ಳೇ ಟವೆಲ್ಲು ಕಟ್ಟಿದ ದಿನ ತಪ್ಪದೆ ಬರುತ್ತಿದ್ದರು. ಮೇಷ್ಟ್ರಿಗೆ ಬಿಳಿ ಟವೆಲ್ಲಿನಲ್ಲೇ ಸುಳ್ಳು ಯಾವುದು, ನಿಜ ಯಾವುದು ಕಾಣುತ್ತದೆ ಎಂದು ನಂಬಿದೆ. ಎರಡು ಗಂಟು ಹಾಕಿ ನೋಡಿದೆ, ಒಂದು ಗಂಟು ಹಾಕಿ ನೋಡಿದೆ. ಏನು ಮಾಡಿದರೂ ಅವರಿಗೆ ಗೊತ್ತಾಗುತ್ತಿತ್ತು.

ಎಂ.ಎ. ಓದುತ್ತಿದ್ದಾಗ ಒಂದು ರಜೆಯಲ್ಲಿ ಊರಿಗೆ ಹೋದವಳು, ಇದೆಲ್ಲ ಬರೆದಿದ್ದೇನಲ್ಲ ಎಂದು ಆ ಕಿಟಕಿಯ ಹತ್ತಿರ ಹೋಗಿ ಕೂತೆ. ಎದುರಿಗೆ ದನದ ಕೊಟ್ಟಿಗೆಯ ಗೋಡೆ. ಕೆರೆ ಇಲ್ಲ, ಶಾಲೆ ಇಲ್ಲ. ಕೊಟ್ಟಿಗೆ ಆಮೇಲೆ ಕಟ್ಟಿದ್ದಿರಬೇಕು ಎಂದುಕೊಂಡು ಅವ್ವನನ್ನು ಕೇಳಿದೆ. ಅವಳು ಅಡುಗೆ ಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು.

"ಕೊಟ್ಗೆನಾ? ನಾನ್ ಸೊಸೆಯಾಗ್ ಬಂದಾಗ್ಲೇ ಇತ್ತು. ಕೆರೆ ಇರೋದು ಈಚೆಗಲ್ವೇನೇ, ಬೇಲಿ ಕಡೀಕೆ."

"ಮತ್ತೆ ನಾನು ಕಿಟಕಿಗೆ ಬಿಳಿ ಟವೆಲ್ಲು ಕಟ್ತಿದ್ನಲ್ಲ, ಮೇಷ್ಟ್ರಿಗೆ ಅಂತ?"

ಅವ್ವ ಕಾಳು ಹಿದುಕುವುದು ನಿಲ್ಲಿಸಿ ನಕ್ಕಳು. "ಅದಾ? ಅದ್ ಕಾಣ್ತಿದ್ದದ್ದು ನಮ್ ಎಮ್ಮೆಗೆ. ಒಂದ್ಸಲ ಅಗೀತಾನೂ ಇತ್ತು."

ಮೇಷ್ಟ್ರು ಬಟ್ಟೆ ಹಾಕಿ ಎಂದಾಗ ಎಲ್ಲಿ ಎಂದು ನಾನು ಕೇಳಿರಲಿಲ್ಲ. ನನ್ನ ಮಟ್ಟಿಗೆ ಮನೆಗಿದ್ದದ್ದು ಆ ಕಿಟಕಿ ಒಂದೇ. ಅವ್ವನೂ ಕೇಳಿರಲಿಲ್ಲ. ಬಟ್ಟೆ ಹಾಕುವುದೆಂದರೆ ಅವಳಿಗೆ ಬೇಲಿ.

"ಲೆಕ್ಕ ಬಂದ್ರೆ ನಿಮ್ಮಪ್ಪನ ಪಂಚೆ ಹಾಕ್ತಿದ್ದೆ. ಬರ್ದಿದ್ರೆ ನನ್ ಕೆಂಪ್ ಸೀರೆ, ದೊಡ್ಡಬಳ್ಳಾಪುರದ್ದು. ಅದೂ ಮೂರ್ ಪೆಟ್ ಬಿದ್ದಾಗ ಮಾತ್ರ. ಆ ಸೀರೆ ಒಗೆಯೋ ದಿನ ಮಾತ್ರ ತಾಪತ್ರಯ. ಹಿತ್ಲಲ್ಲಿ ಮರೆಯಾಗ್ ಒಣಗಾಕ್ತಿದ್ದೆ, ಪಾಪ, ಆ ಮನುಷ್ಯ ಸುಮ್ನೆ ಬಂದ್ಬಿಟ್ಟಾರು ಅಂತ."

"ನನಗೆ ಬರ್ಲಿಲ್ಲ ಅಂತ ನಿಂಗೆ ಹ್ಯಾಗೆ ಗೊತ್ತಾಗ್ತಿತ್ತು?" ಎಂದೆ. ಅವ್ವನಿಗೆ ಅಕ್ಷರ ಬಾರದು. ಭಾಗಾಕಾರ ದೂರದ ಮಾತು.

"ಸ್ಲೇಟ್ ಒರೆಸ್ತಿದ್ಯಲ್ಲ, ಕುಯ್ ಕುಯ್ ಅಂತ. ಒಲೆ ಮುಂದ್ ಕೂತ್ರೂ ಕೇಳೋದು. ಒಂದೆರಡ್ ಸಲ ಒರೆಸುದ್ರೆ ಬಂತು ಅಂತ. ಐದಾರಾದ್ರೆ ಸೀರೆ ತಗೊಂಡ್ ಎದ್ದೋಯ್ತಿದ್ದೆ."

"ನನಗೆ ಹೇಳಬಾರದಿತ್ತಾ?"

"ನಿಂಗಾ? ಮೂಗಿನ್ ತುದೀಲ್ ಕೋಪ ಇಟ್ಕಂಡಿದ್ದೆ. ಹೇಳಿದ್ರೆ ಒರೆಸೋದ್ನೂ ಸದ್ದಿಲ್ದೆ ಒರೆಸ್ತಿದ್ದೆ."

ಅದು ನಿಜವಿರಬೇಕು. ಆದರೂ ನನಗೆ ಅನುಮಾನ ಹೋಗಲಿಲ್ಲ. ನನ್ನ ನೆನಪು ಕೊಟ್ಟಿಗೆಯ ಗೋಡೆಯನ್ನೇ ನುಂಗಿಹಾಕಿದ್ದಾಗ ಅವ್ವನ ನೆನಪು ಮಾತ್ರ ಏಕೆ ನೆಟ್ಟಗಿರಬೇಕು? ಮೇಷ್ಟ್ರನ್ನು ಕೇಳೋಣವೆಂದರೆ ಅವರು ಎಂದೋ ಹೊಸಕೋಟೆ ಕಡೆ ವರ್ಗವಾಗಿ ಹೋಗಿದ್ದರು. ಹುಡುಕಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಏಕೆಂದು ಬರೆಯಲು ದಿನಚರಿಯಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಅದು ಈಗಲೂ ಖಾಲಿ ಇದೆ.

ಹಾಗಾಗಿ ಅವ್ವನನ್ನು ಪರೀಕ್ಷೆ ಮಾಡಲು, ನನಗೆ ಬಹಳ ಖಚಿತವಾಗಿ ನೆನಪಿರುವ ದಿನವೊಂದನ್ನು ಎತ್ತಿಕೊಂಡೆ. ಮಾರ್ಚಿನಲ್ಲಿ ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಏರಿ ದಾಟಿ ಶಾಲೆಗೆ ತಂದ. ಓದಿಸಿದರು, ಬರೆಸಿದರು. ಕೊನೆಗೆ ಮೇಷ್ಟ್ರು ನೂರ ಮೂವತ್ತೇಳನ್ನು ಆರರಿಂದ ಭಾಗಿಸು ಎಂದರು. ಅಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ನಾನು ಒಂದೇ ಸಲಕ್ಕೆ, ಬಳಪ ಎತ್ತದೆ, ಇಪ್ಪತ್ತೆರಡು, ಶೇಷ ಐದು ಎಂದು ಬರೆದು ಸ್ಲೇಟು ತೋರಿಸಿದೆ. ಮೇಷ್ಟ್ರು ಅಪ್ಪನ ಕಡೆ ತಿರುಗಿದರು. ಅಪ್ಪ ಲೆಕ್ಕ ನೋಡಲೇ ಇಲ್ಲ. "ಆಯ್ತು, ಜೂನ್‌ಗೆ ಕಳುಸ್ತೀನಿ" ಎಂದ.

ಅವ್ವನಿಗೆ ಇದನ್ನು ಹೇಳಿದೆ.

"ಒಂದೇ ಸಲಕ್ಕಾ?" ಎಂದಳು. "ಮೂರ್ ಸಲ ಒರೆಸ್ದೆ ಕಣೇ."

"ನೀನು ಅಲ್ಲಿ ಇರಲೇ ಇಲ್ಲವಲ್ಲ."

"ನಿಮ್ ಹಿಂದೇನೇ ಬಂದಿದ್ದೆ. ಒಳೀಕ್ ಬಂದ್ರೆ ನೀನ್ ಹೆದರ್ಕಂತೀಯ ಅಂತ ಗೋಡೆ ಆಚೆ ನಿಂತಿದ್ದೆ. ಮೂರ್ನೇ ಸಲ ಒರೆಸ್ದೆ, ಆಮೇಲ್ ಸದ್ದಿಲ್ಲ. ಮನೆಗ್ ಬಂದ್ಬಿಟ್ಟೆ, ಹುಳಕ್ಕೆ ಸೊಪ್ಪು ಹಾಕ್ಬೇಕಿತ್ತು."

"ಪಾಸಾದೆನೋ ಇಲ್ಲವೋ ಅಂತ ಕೇಳೋಕೂ ನಿಲ್ಲಲಿಲ್ವಾ?"

ಅವ್ವ ಒಂದು ಕಾಳನ್ನು ಬೆರಳ ನಡುವೆ ಒತ್ತಿದಳು. ಬೇಳೆ ಹಾರಿ ಬಟ್ಟಲಿಗೆ ಬಿತ್ತು.

"ಕೇಳಿಸ್ತಲ್ಲ," ಎಂದಳು.